ಡೇರಿ ಸರ್ಕಲ್‌ನಿಂದ ಗೊಟ್ಟಿಗೆರೆಗೆ: ಆಫೀಸು ಮನೆಗೆ ಬಂದ ದಾರಿ

ಬೆಂಗಳೂರಿನ ಐಟಿ ಉದ್ಯಮವೇ ದೂರದಿಂದ ಮಾಡುವ ಕೆಲಸದ ಕೂಸು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ನೆಲೆಯೂರಿ, ಇಲ್ಲಿನ ಎಂಜಿನಿಯರುಗಳ ಕೆಲಸವನ್ನು ಉಪಗ್ರಹದ ಮೂಲಕ ಅಮೆರಿಕಕ್ಕೆ ಕಳಿಸತೊಡಗಿತು. ಆಮೇಲೆ ಬಂದ ವೈಟೂಕೆ, ಕಾಲ್ ಸೆಂಟರ್, ಬಿಪಿಒ, ವಿದೇಶಿ ಕಂಪನಿಗಳು ಇಲ್ಲಿ ತೆರೆದ ತಮ್ಮದೇ ಕೇಂದ್ರಗಳಾದ ಈಗಿನ ಜಿಸಿಸಿ, ಹೆಸರು ಯಾವುದಾದರೂ ಏರ್ಪಾಡು ಒಂದೇ: ಕೆಲಸ ಕೊಡುವವರು ಒಂದು ಖಂಡದಲ್ಲಿ, ಮಾಡುವವರು ಇನ್ನೊಂದು ಖಂಡದಲ್ಲಿ. ಡಲ್ಲಾಸ್‌ಗೂ ಬೆಂಗಳೂರಿಗೂ ನಡುವಿನ ಸಾವಿರಾರು ಮೈಲಿ ಯಾರಿಗೂ ಅಡ್ಡಿಯಾಗಲಿಲ್ಲ. ಜೆ.ಪಿ. ನಗರದ ಮನೆಗೂ ವೈಟ್‌ಫೀಲ್ಡಿನ ಕಚೇರಿಗೂ ನಡುವಿನ ದೂರವನ್ನು ಮಾತ್ರ ದಿನಕ್ಕೆರಡು ಸಲ ಸವೆಸಲೇಬೇಕಿತ್ತು. ಈ ವಿಚಿತ್ರ ಮೂವತ್ತೈದು ವರ್ಷ ಯಾರನ್ನೂ ಅಷ್ಟಾಗಿ ಕಾಡಲಿಲ್ಲ. ಕಾಡತೊಡಗಿದ್ದು 2020ರ ಮಾರ್ಚ್‌ನಲ್ಲಿ.

ಆ ಮಾರ್ಚ್‌ನಿಂದೀಚೆಗೆ ನಗರ ಎಷ್ಟು ಬದಲಾಯಿತು, ಎಷ್ಟು ಬದಲಾಗದೆ ಉಳಿಯಿತು ಎಂಬುದನ್ನು ನೋಡಲು ಎಂ.ಜಿ. ರಸ್ತೆಗಿಂತ ಬನ್ನೇರುಘಟ್ಟ ರಸ್ತೆ ವಾಸಿ. ಮೆಜೆಸ್ಟಿಕ್‌ನಿಂದ ಹೊರಡುವ 365ನೇ ನಂಬರಿನ ಬಸ್ಸು ಡೇರಿ ಸರ್ಕಲ್ ದಾಟಿದ ಮೇಲೆ ಸುಮಾರು ಹತ್ತು ಕಿಲೋಮೀಟರಿನೊಳಗೆ ಕಾರ್ಖಾನೆಯ ಬೆಂಗಳೂರು, ಬಡಾವಣೆಯ ಬೆಂಗಳೂರು, ಗಾಜಿನ ಕಟ್ಟಡಗಳ ಬೆಂಗಳೂರು, ಕೆರೆಯ ಬೆಂಗಳೂರು ಒಂದರ ಹಿಂದೊಂದು ಬಂದುಹೋಗುತ್ತವೆ. ಕೊನೆಗೆ ಸಿಗುವುದು ಗೊಟ್ಟಿಗೆರೆ. ಊರು ಎಲ್ಲಿ ಮುಗಿದು ಹಳ್ಳಿ ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗದ ಈ ಅಂಚಿನ ಜಾಗಗಳಲ್ಲೇ ಮನೆಯಿಂದ ಮಾಡುವ ಕೆಲಸ ತನ್ನ ನಿಜವಾದ ಗುರುತು ಬಿಟ್ಟಿದೆ.

ಡೇರಿ ಸರ್ಕಲ್‌ನ ಒಂದು ಮಗ್ಗುಲಿಗೆ ಆಡುಗೋಡಿ. 1950ರ ದಶಕದಲ್ಲಿ ಇಲ್ಲಿ ಮೈಕೋ ಕಾರ್ಖಾನೆ ತಲೆಯೆತ್ತಿತು. ನಗರದ ಬೇರೆ ದಿಕ್ಕುಗಳಲ್ಲಿ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳು ಕಟ್ಟಿದ ಲೋಕವೇ ಇಲ್ಲೂ ಇತ್ತು: ಪಾಳಿ, ಸೈರನ್ನು, ಗೇಟಿನ ಮುಂದೆ ಸೈಕಲ್ಲಿನ ಸಾಲು, ಕ್ಯಾಂಟೀನಿನ ಊಟ. ಕೆಲಸ ಯಂತ್ರದ ಬಳಿ ಇತ್ತು, ಯಂತ್ರ ಕಾರ್ಖಾನೆಯೊಳಗಿತ್ತು. ಲೇತನ್ನು ಹೊತ್ತು ಮನೆಗೆ ಹೋಗುವ ಮಾತೇ ಇರಲಿಲ್ಲವಾದ್ದರಿಂದ ಮನುಷ್ಯನೇ ಅದರ ಬಳಿಗೆ ಹೋಗಬೇಕಿತ್ತು. ಮೈಕೋ ನೌಕರರ ನೆನಪು ಬಿಟಿಎಂನ ಮೈಕೋ ಲೇಔಟ್ ಎಂಬ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಕೆಲಸದ ಜಾಗಕ್ಕೂ ಮನೆಗೂ ಹೆಚ್ಚು ದೂರವಿರಬಾರದು ಎಂಬ ಲೆಕ್ಕ ಆ ಕಾಲದವರಿಗೆ ಸಹಜವಾಗಿತ್ತು.

ಐಟಿಯ ಕಥೆಯೂ ಇದೇ ಕಾರ್ಖಾನೆಗೆ ತಗಲಿಕೊಂಡಿದೆ. 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂದದ್ದು ಮೈಕೋ ತನ್ನ ಗಿರಾಕಿಯಾದ ಕಾರಣಕ್ಕೆ. ಅದು ಮೊದಲು ಬಿಡಾರ ಹೂಡಿದ್ದು ಜಯನಗರದಲ್ಲಿ. ಅದೇ ಆಡುಗೋಡಿಯ ಆವರಣ 2022ರಲ್ಲಿ, ಮೈಕೋದ ಈಗಿನ ಹೆಸರಾದ ಬಾಷ್ ಕಂಪನಿಯ ‘ಸ್ಪಾರ್ಕ್ ನೆಕ್ಸ್ಟ್’ ಎಂಬ ಹೊಸ ತಂತ್ರಜ್ಞಾನ ಆವರಣವಾಯಿತು. ಮನೆಯಲ್ಲಿ ಕೂತವರು ಆಫೀಸಿಗೆ ಮರಳುತ್ತಾರೋ ಇಲ್ಲವೋ ಎಂದು ಊರೆಲ್ಲ ಚರ್ಚೆ ನಡೆಯುತ್ತಿದ್ದಾಗಲೇ ಅದರ ಉದ್ಘಾಟನೆಯಾಯಿತು ಎನ್ನುವುದು ಗಮನಿಸಬೇಕಾದ ಸಂಗತಿ. ಬೆಂಗಳೂರು ಕಟ್ಟಡ ಕಟ್ಟುವುದನ್ನು ಯಾವ ಕಾಲದಲ್ಲೂ ನಿಲ್ಲಿಸಿದ್ದಿಲ್ಲ.

ಇಲ್ಲಿಂದ ಬಲಕ್ಕೆ ಜಯನಗರ. 1948ರಲ್ಲಿ ಶಂಕುಸ್ಥಾಪನೆಯಾದ ಈ ಬಡಾವಣೆಯಲ್ಲಿ ಬ್ಲಾಕಿಗೊಂದು ಪಾರ್ಕು, ನಡೆದುಹೋಗುವಷ್ಟು ಹತ್ತಿರದಲ್ಲಿ ಶಾಲೆ, ಅಂಚೆ ಕಚೇರಿ, ತರಕಾರಿ, ನಡುವೆ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸು. ನಿಂತುಕೊಂಡೇ ಇಡ್ಲಿ–ವಡೆ ತಿನ್ನುವ ದರ್ಶಿನಿಗಳ ಸಂಪ್ರದಾಯ 1983ರಲ್ಲಿ ಇದೇ ಜಯನಗರದ ಕೆಫೆ ದರ್ಶಿನಿಯಿಂದ ಶುರುವಾಯಿತು. ಆಫೀಸಿಗೆ ಹೊತ್ತಾಯಿತು ಎಂದು ಓಡುವವರಿಗೆ ಹೇಳಿ ಮಾಡಿಸಿದ ತಿಂಡಿ ಮನೆ ಅದು. ಹಾಗೆ ನೋಡಿದರೆ ಜಯನಗರದಂತಹ ಬಡಾವಣೆಯಲ್ಲಿ ಮನೆಯಿಂದ ಕೆಲಸ ಮಾಡುವವರಿಗೆ ಬೇಕಾದದ್ದೆಲ್ಲ ಮೊದಲಿನಿಂದಲೂ ಇತ್ತು. ನಿವೃತ್ತರೂ ಗೃಹಿಣಿಯರೂ ಮಕ್ಕಳೂ ಅದನ್ನು ಹಗಲೆಲ್ಲ ಬಳಸುತ್ತಿದ್ದರು. 2020ರಲ್ಲಿ ಅವರ ಜೊತೆಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಇನ್ನೊಂದು ತಲೆಮಾರು ಸೇರಿಕೊಂಡಿತು, ಅಷ್ಟೇ.

ಎಡಕ್ಕಿರುವ ಬಿಟಿಎಂ ಬಡಾವಣೆಯ ಬಾಳು ಬೇರೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳನ್ನು ಸೇರಿಸಿ ಮಾಡಿದ ಈ ಬಡಾವಣೆ ಐಟಿ ಹುಡುಗ–ಹುಡುಗಿಯರ ಪಿಜಿಗಳ ರಾಜಧಾನಿಯಾಯಿತು. ಮೂವತ್ತು–ನಲವತ್ತರ ಸೈಟಿನಲ್ಲಿ ನಾಲ್ಕೈದು ಮಹಡಿ, ಮಹಡಿಗೆ ಆರೇಳು ಕೋಣೆ, ಕೋಣೆಗೆ ಮೂರು ಮಂಚ. ಇಲ್ಲಿ ಬಾಡಿಗೆ ಕೊಡುತ್ತಿದ್ದುದು ಕೋಣೆಗಲ್ಲ, ಸಿಲ್ಕ್ ಬೋರ್ಡಿಗೆ ಹತ್ತಿರವಿರುವ ಸೌಕರ್ಯಕ್ಕೆ. ಹೊಸೂರು ರಸ್ತೆಗೆ ಇಳಿದರೆ ಎಲೆಕ್ಟ್ರಾನಿಕ್ ಸಿಟಿ, ಹೊರವರ್ತುಲ ರಸ್ತೆ ಹಿಡಿದರೆ ಬೆಳ್ಳಂದೂರು, ಮಾರತ್ತಹಳ್ಳಿ. ಆ ಸೌಕರ್ಯದ ಬೆಲೆ ಒಂದೇ ವಾರದಲ್ಲಿ ಸೊನ್ನೆಗಿಳಿಯಬಹುದು ಎಂದು ಯಾವ ಪಿಜಿ ಮಾಲೀಕರೂ ಕನಸಿನಲ್ಲೂ ಎಣಿಸಿರಲಿಲ್ಲ.

2020ರ ಮಾರ್ಚ್ 13ರಂದು ರಾಜ್ಯ ಸರ್ಕಾರ ಮಾಲು, ಸಿನಿಮಾ ಮಂದಿರಗಳನ್ನು ಒಂದು ವಾರ ಮುಚ್ಚಿಸಿ, ಐಟಿ ಕಂಪನಿಗಳು ನೌಕರರಿಗೆ ಮನೆಯಿಂದಲೇ ಕೆಲಸ ಮಾಡಲು ಬಿಡಲಿ ಎಂದು ಸೂಚಿಸಿತು. ಮಾರ್ಚ್ 25ರಿಂದ ದೇಶವೇ ಮುಚ್ಚಿತು. ಅಲ್ಲಿಯವರೆಗೆ ಕಾಲ್ ಸೆಂಟರಿನಂತಹ ಸೇವೆಗಳಿಗೆ ಮನೆಯಿಂದ ಕೆಲಸ ಎನ್ನುವುದು ಕಾನೂನಿನ ತೊಡಕು. ದೂರಸಂಪರ್ಕ ಇಲಾಖೆಯ ನಿಯಮಗಳಂತೆ ಅದಕ್ಕೆ ಅನುಮತಿ, ಭದ್ರತಾ ಠೇವಣಿ ಎಲ್ಲ ಬೇಕಿತ್ತು. ಇಲಾಖೆ ಮಾರ್ಚ್‌ನಲ್ಲಿ ತಾತ್ಕಾಲಿಕವಾಗಿ ನಿಯಮ ಸಡಿಲಿಸಿತು, ನವೆಂಬರಿನಲ್ಲಿ ಅದನ್ನು ಕಾಯಂ ಮಾಡಿತು. ಡೆಸ್ಕ್‌ಟಾಪು, ಮಾನಿಟರುಗಳನ್ನು ಕ್ಯಾಬಿನ ಹಿಂದಿನ ಸೀಟಿಗೆ ಹೇರಿ ನೌಕರರ ಮನೆಗೆ ಮುಟ್ಟಿಸಿದ ಕಂಪನಿಗಳೂ ಇದ್ದವು. ಆಫೀಸು ಅಕ್ಷರಶಃ ಮನೆಗೆ ಬಂತು.

ಬಿಟಿಎಂನಲ್ಲಿ ಮುಂದೆ ನಡೆದದ್ದು ಎಲ್ಲರೂ ಕಂಡದ್ದೇ. ಕಾಂಪೌಂಡಿನ ಗೋಡೆಗಳ ಮೇಲೆ ಟು–ಲೆಟ್ ಬೋರ್ಡುಗಳು ಸಾಲಾಗಿ ನೇತಾಡಿದವು. ಬಾಡಿಗೆದಾರರು ಹತ್ತು ತಿಂಗಳ ಅಡ್ವಾನ್ಸನ್ನು ಒಮ್ಮೆಗೇ ವಾಪಸು ಕೇಳಿದಾಗ, ಅದನ್ನು ಎಂದೋ ಮೇಲಿನ ಮಹಡಿಗೆ ಸುರಿದುಬಿಟ್ಟಿದ್ದ ಮಾಲೀಕರು ಕಂಗಾಲಾದರು. ಪಿಜಿಗಳ ಅಡುಗೆಯವರು ಊರಿಗೆ ಹೋದರು. ಕಂಪನಿಗಳಿಗೆ ಓಡುತ್ತಿದ್ದ ಕ್ಯಾಬು, ಟಿಟಿಗಳು ಖಾಲಿ ಸೈಟುಗಳಲ್ಲಿ ಧೂಳು ಹಿಡಿದು ನಿಂತವು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಕಟ್ಟಡ ಕೂಲಿಗಳು ಗಂಟುಮೂಟೆ ಹೊತ್ತು ನಡೆದರು. ಒಂದೇ ನಗರದಿಂದ ಒಂದೇ ತಿಂಗಳಲ್ಲಿ ಎರಡು ಬಗೆಯ ಜನ ಊರು ಬಿಟ್ಟರು: ಕೆಲಸವನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋದವರು ಮತ್ತು ಕೆಲಸ ಕಳೆದುಕೊಂಡು ಹೋದವರು. ಮನೆಯಿಂದ ಮಾಡುವ ಕೆಲಸದ ಬಗ್ಗೆ ಬಂದ ಹೊಗಳಿಕೆಯ ಲೇಖನಗಳಲ್ಲಿ ಎರಡನೆಯವರ ಸುದ್ದಿ ಕಡಿಮೆ.

ಮೊದಲಿನವರು ಹೋದದ್ದು ಶಿರಸಿಗೆ, ಸುಳ್ಯಕ್ಕೆ, ತೀರ್ಥಹಳ್ಳಿಗೆ, ಹುಬ್ಬಳ್ಳಿಗೆ. ಅಡಿಕೆ ತೋಟದ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪು, ನೆಟ್‌ವರ್ಕಿಗಾಗಿ ಗುಡ್ಡದ ಮೇಲೆ ಟಾರ್ಪಾಲಿನ ಮಾಡು. ಮಳೆಗಾಲದ ಕರೆಂಟು ಒಂದು ದಿನ ಕೈಕೊಟ್ಟರೆ ಮೀಟಿಂಗಿಗೆ ಕೂರಲು ಪೇಟೆಯ ನೆಂಟರ ಮನೆಗೆ ಓಡಬೇಕಿತ್ತು. ಸರ್ಕಾರ ಇದರಲ್ಲಿ ಒಂದು ಅವಕಾಶ ಕಂಡಿತು. ಕರ್ನಾಟಕ ಡಿಜಿಟಲ್ ಎಕಾನಮಿ ಮಿಷನ್ ಮೂಲಕ ‘ಬಿಯಾಂಡ್ ಬೆಂಗಳೂರು’ ಎಂಬ ಹೆಸರಿನಲ್ಲಿ ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿಗಳತ್ತ ಕಂಪನಿಗಳನ್ನು ಸೆಳೆಯುವ ಯತ್ನ ಶುರುವಾಯಿತು. ಬೆಂಗಳೂರಿನಾಚೆಯ ಊರುಗಳಿಗೆ ಇದು ತೀರಾ ಹೊಸತಲ್ಲ. ಉಡುಪಿಯಲ್ಲಿ ರೋಬೋಸಾಫ್ಟ್ 1996ರಿಂದಲೇ ಇದೆ. ಬಾಗೇಪಲ್ಲಿಯಲ್ಲಿ ಗ್ರಾಮೀಣ ಬಿಪಿಒ ಒಂದು ಕೋವಿಡ್‌ಗೆ ದಶಕ ಮೊದಲೇ ತೆರೆದಿತ್ತು. ಹೋದವರಲ್ಲಿ ಬಹುಪಾಲು ಮರಳಿ ಬಂದರು. ಮಕ್ಕಳ ಶಾಲೆ, ಗಂಡ–ಹೆಂಡತಿ ಇಬ್ಬರ ನೌಕರಿ, ಎಲ್ಲಕ್ಕಿಂತ ಮಿಗಿಲಾಗಿ ಮುಂದಿನ ಕೆಲಸ ಸಿಗುವುದು ಬೆಂಗಳೂರಿನಲ್ಲೇ ಎಂಬ ಲೆಕ್ಕಾಚಾರ ಅವರನ್ನು ಎಳೆತಂದಿತು.

ಬಸ್ಸು ಜಯದೇವ ಜಂಕ್ಷನ್ನಿಗೆ ಬರುವ ಹೊತ್ತಿಗೆ ಕಿಟಕಿಯಾಚೆ ಒಂದರ ಮೇಲೊಂದು ಪೇರಿಸಿದ ಕಾಂಕ್ರೀಟು. ಇಲ್ಲಿದ್ದ ಹಳೆಯ ಮೇಲ್ಸೇತುವೆಯನ್ನು ಮೆಟ್ರೋಗಾಗಿ 2020ರಲ್ಲಿ ಕೆಡವಲಾಯಿತು. ಈಗ ಕೆಳಸೇತುವೆ, ರಸ್ತೆ, ಅದರ ಮೇಲೆ ಹೊಸ ಮೇಲ್ಸೇತುವೆ, ಅದರ ಮೇಲೆ ಎರಡು ಮೆಟ್ರೋ ಮಾರ್ಗ. ಇದರಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಪೂರ್ವಕ್ಕೆ ತಿರುಗಿದರೆ ಸಿಲ್ಕ್ ಬೋರ್ಡು. ಟಾಮ್‌ಟಾಮ್ ಸಂಸ್ಥೆಯ 2019ರ ಪಟ್ಟಿಯಲ್ಲಿ ಪ್ರಪಂಚದಲ್ಲೇ ಅತಿಹೆಚ್ಚು ದಟ್ಟಣೆಯ ನಗರವೆಂದು ಬೆಂಗಳೂರು ಮೊದಲ ಸ್ಥಾನ ಪಡೆದದ್ದಕ್ಕೆ ಈ ಜಾಗದ ಕೊಡುಗೆ ಸಣ್ಣದಲ್ಲ.

ಟ್ರಾಫಿಕ್ಕಿಗೂ ಮನೆಯಿಂದ ಮಾಡುವ ಕೆಲಸಕ್ಕೂ ಇರುವ ನಂಟನ್ನು ಸರ್ಕಾರವೇ ಬಾಯಿಬಿಟ್ಟು ಒಪ್ಪಿಕೊಂಡದ್ದು 2021ರ ಆಗಸ್ಟ್‌ನಲ್ಲಿ. ಸಿಲ್ಕ್ ಬೋರ್ಡ್–ಕೆ.ಆರ್. ಪುರ ನಡುವೆ ಮೆಟ್ರೋ ಕಾಮಗಾರಿ ನಡೆಯುವುದರಿಂದ ಹೊರವರ್ತುಲ ರಸ್ತೆಯ ಕಂಪನಿಗಳು 2022ರ ಡಿಸೆಂಬರ್‌ವರೆಗೆ ಮನೆಯಿಂದ ಕೆಲಸವನ್ನೇ ಮುಂದುವರಿಸಲಿ ಎಂದು ಐಟಿ–ಬಿಟಿ ಇಲಾಖೆ ಕೋರಿತು. ರಸ್ತೆ ಸಾಲದಿದ್ದಾಗ ನೌಕರರನ್ನು ಮನೆಯಲ್ಲೇ ಇರಿಸುವುದೂ ಒಂದು ನಗರ ಯೋಜನೆ ಎಂಬ ಮಟ್ಟಕ್ಕೆ ಮಾತು ಬಂದು ಮುಟ್ಟಿತ್ತು. 2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರಿನ ಸುತ್ತಮುತ್ತ ನೀರು ನಿಂತು ನೌಕರರು ಟ್ರ್ಯಾಕ್ಟರ್ ಏರಿ ಹೋಗಬೇಕಾಗಿ ಬಂದಾಗಲೂ ಮದ್ದು ಅದೇ. ಆದರೂ ಬಂಡಿಗಳು ಮರಳಿದವು. ಅದೇ ಟಾಮ್‌ಟಾಮ್‌ನ 2024ರ ಲೆಕ್ಕದಲ್ಲಿ ನಗರದೊಳಗೆ 10 ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡು. ವಾರಕ್ಕೆ ಮೂರು ದಿನ ಆಫೀಸು ಎಂಬ ಹೈಬ್ರಿಡ್ ಪದ್ಧತಿಯಲ್ಲಿ ಎಲ್ಲರೂ ಆರಿಸಿಕೊಳ್ಳುವುದು ವಾರದ ನಡುವಿನ ದಿನಗಳನ್ನೇ ಆದ್ದರಿಂದ ಸೋಮವಾರ, ಶುಕ್ರವಾರ ರಸ್ತೆ ಉಸಿರಾಡುತ್ತದೆ, ಬುಧವಾರ ಕಟ್ಟಿಕೊಳ್ಳುತ್ತದೆ. ಬುಧವಾರವಾದರೂ ಮನೆಯಿಂದ ಕೆಲಸ ಮಾಡಿಸಿ ಎಂದು ಸಂಚಾರ ಪೊಲೀಸರು 2025ರಲ್ಲಿ ಹೊರವರ್ತುಲ ರಸ್ತೆಯ ಕಂಪನಿಗಳಿಗೆ ಸಲಹೆ ಕೊಟ್ಟದ್ದು ಇದೇ ಕಾರಣಕ್ಕೆ.

ಜಯದೇವ ದಾಟಿ ಬಿಳೇಕಹಳ್ಳಿಗೆ ಬಂದರೆ ಐಐಎಂ. 1973ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಬೂದುಗಲ್ಲಿನ ಆವರಣವನ್ನು ರೂಪಿಸಿದವರು ವಾಸ್ತುಶಿಲ್ಪಿ ಬಿ.ವಿ. ದೋಶಿ. ಪಾಠ ನಡೆಯುವ ಕೋಣೆಗಳಿಗಿಂತ ಕೋಣೆಗಳ ನಡುವಿನ ಓಣಿಗಳಿಗೆ ಅವರು ಹೆಚ್ಚು ಮನಸ್ಸು ಕೊಟ್ಟರು. ಅಗಲವಾದ, ಅರ್ಧ ತೆರೆದ, ಬಳ್ಳಿ ಇಳಿಬಿದ್ದ ಆ ಓಣಿಗಳು ಜನ ಅಕಸ್ಮಾತ್ ಎದುರಾಗಲಿ, ನಿಂತು ಮಾತಾಡಲಿ ಎಂದೇ ಇರುವಂಥವು. ಆಫೀಸು ಬೇಕು ಎನ್ನುವವರ ಗಟ್ಟಿಯಾದ ವಾದವೂ ಇದೇ: ಮೀಟಿಂಗನ್ನು ಪರದೆಯ ಮೇಲೆ ನಡೆಸಬಹುದು, ಮೀಟಿಂಗ್ ಮುಗಿದ ಮೇಲೆ ಕಾಫಿ ಮೆಷಿನ್ನಿನ ಬಳಿ ನಡೆಯುವ ಮಾತನ್ನು ನಡೆಸಲಾಗದು. ಕಾಲೇಜಿನಿಂದ ನೇರ ಮನೆಯ ಮಂಚಕ್ಕೆ ಬಂದು ಕೆಲಸ ಶುರು ಮಾಡಿದ 2020–21ರ ಬ್ಯಾಚಿನವರಿಗೆ ಆ ಮಾತಿನ ಬೆಲೆ ಚೆನ್ನಾಗಿ ಗೊತ್ತು.

ಕಾಕತಾಳೀಯವೆಂಬಂತೆ, ಐಐಎಂ ಹುಟ್ಟಿದ 1973ರಲ್ಲೇ ಅಮೆರಿಕದ ಜಾಕ್ ನಿಲ್ಸ್ ‘ಟೆಲಿಕಮ್ಯೂಟಿಂಗ್’ ಎಂಬ ಮಾತನ್ನು ಬಳಕೆಗೆ ತಂದರು. ಪೆಟ್ರೋಲಿಗೆ ಬರ ಬಂದ ವರ್ಷ ಅದು. ಜನರನ್ನು ಕೆಲಸದ ಬಳಿಗೆ ಸಾಗಿಸುವ ಬದಲು ಕೆಲಸವನ್ನು ಜನರ ಬಳಿಗೆ ಸಾಗಿಸಿದರೆ ಹೇಗೆ ಎಂಬುದು ಅವರ ಪ್ರಶ್ನೆ. ಅದು ದೊಡ್ಡ ಪ್ರಮಾಣದಲ್ಲಿ ಜಾರಿಗೆ ಬರಲು ಇನ್ನೂ ನಲವತ್ತೇಳು ವರ್ಷ ಹಿಡಿಯಿತು. ಬಂದಮೇಲೆ ಅಮೆರಿಕದ ದೊಡ್ಡ ನಗರಗಳಲ್ಲಿ ಆದದ್ದನ್ನು ಅರ್ಜುನ್ ರಮಣಿ ಮತ್ತು ನಿಕೊಲಸ್ ಬ್ಲೂಮ್ 2021ರಲ್ಲಿ ‘ಡೋನಟ್ ಪರಿಣಾಮ’ ಎಂದು ಕರೆದರು. ನಮ್ಮ ಉದ್ದಿನ ವಡೆಯ ಹಾಗೆ ನಡುವೆ ತೂತು, ಸುತ್ತ ದಪ್ಪ: ನಗರದ ಕೇಂದ್ರದಿಂದ ಜನ, ಬಾಡಿಗೆ, ವ್ಯಾಪಾರ ಅಂಚಿನ ಉಪನಗರಗಳಿಗೆ ಸರಿದವು. ಸ್ಯಾನ್‌ಫ್ರಾನ್ಸಿಸ್ಕೋದ ಆಫೀಸು ಜಾಗದಲ್ಲಿ ಸುಮಾರು ಮೂರರಲ್ಲೊಂದು ಭಾಗ ಖಾಲಿ ಬಿತ್ತು.

ಬೆಂಗಳೂರಿಗೆ ಈ ತೂತು ಬೀಳಲಿಲ್ಲ. ಬೀಳಲು ಇಲ್ಲಿ ನಡು ಎನ್ನುವುದೇ ಒಂದಲ್ಲ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡು, ಹೊರವರ್ತುಲ ರಸ್ತೆ, ಬನ್ನೇರುಘಟ್ಟ ರಸ್ತೆ, ಮಾನ್ಯತಾ, ಹೀಗೆ ಆಫೀಸುಗಳು ಮೊದಲೇ ಅಂಚಿಗೆ ಹೋಗಿ ಕೂತಿದ್ದವು. ಅದರ ಮೇಲೆ ಅಮೆರಿಕ, ಯುರೋಪಿನ ಕಂಪನಿಗಳಿಗೆ ಕೋವಿಡ್ ಕಲಿಸಿದ ಪಾಠವೇ ಬೇರೆ. ನ್ಯೂಜೆರ್ಸಿಯ ನೌಕರ ಆಫೀಸಿಗೆ ಬಾರದೆ ಕೆಲಸ ನಡೆಯುತ್ತದೆ ಎಂದಮೇಲೆ ಅದೇ ಕೆಲಸ ಬೆಂಗಳೂರಿನಿಂದಲೂ ನಡೆಯುತ್ತದಲ್ಲ! ಭಾರತದ 1,700ಕ್ಕೂ ಹೆಚ್ಚು ಜಿಸಿಸಿಗಳಲ್ಲಿ ಅರ್ಧದಷ್ಟು ಬೆಂಗಳೂರಿನಲ್ಲೇ ಇವೆ. ದೂರದಿಂದ ಮಾಡುವ ಕೆಲಸ ಅಲ್ಲಿನ ನಗರಗಳ ಆಫೀಸುಗಳನ್ನು ಖಾಲಿ ಮಾಡಿತು, ಇಲ್ಲಿನ ಆಫೀಸುಗಳನ್ನು ತುಂಬಿತು. ಭವಿಷ್ಯದ ನಗರದ ಬಗ್ಗೆ ಅಲ್ಲಿಂದ ಬರುವ ಪುಸ್ತಕಗಳನ್ನು ಇಲ್ಲಿ ಓದುವಾಗ ಈ ತಿರುವನ್ನು ನೆನಪಿನಲ್ಲಿಡಬೇಕು.

ಇಲ್ಲಿನ ಕಂಪನಿಗಳ ನಿಲುವೂ ಡೋಲಾಯಮಾನ. 2025ರ ಹೊತ್ತಿಗೆ ತನ್ನ ನೌಕರರಲ್ಲಿ ಶೇ 25ರಷ್ಟು ಮಂದಿ ಮಾತ್ರ ಆಫೀಸಿನಲ್ಲಿದ್ದರೆ ಸಾಕು ಎಂದು 2020ರಲ್ಲಿ ಸಾರಿದ್ದ ಟಿಸಿಎಸ್, 2023ರಲ್ಲಿ ವಾರಕ್ಕೆ ಐದು ದಿನ ಬನ್ನಿ ಎಂದಿತು. ಇನ್ಫೋಸಿಸ್ 2025ರ ಮಾರ್ಚ್‌ನಿಂದ ತಿಂಗಳಿಗೆ ಕನಿಷ್ಠ ಹತ್ತು ದಿನ ಎಂದಿತು. ಮನೆಯಲ್ಲಿದ್ದುಕೊಂಡು ಎರಡು ಕಂಪನಿಗಳಿಗೆ ದುಡಿಯುವ ‘ಮೂನ್‌ಲೈಟಿಂಗ್’ ಗದ್ದಲವೂ 2022ರಲ್ಲಿ ಆಯಿತು. ವಿಪ್ರೊ 300 ಮಂದಿಯನ್ನು ಮನೆಗೆ ಕಳಿಸಿತು. ಇದೆಲ್ಲ ಕಳೆದು ಉಳಿದ ಮಧ್ಯಮ ದಾರಿಗೆ ಒಳ್ಳೆಯ ಆಧಾರವೂ ಇದೆ. ಚೀನಾದ ಟ್ರಿಪ್.ಕಾಮ್ ಕಂಪನಿಯ 1,600ಕ್ಕೂ ಹೆಚ್ಚು ನೌಕರರ ಮೇಲೆ ಬ್ಲೂಮ್ ಮತ್ತು ಸಂಗಡಿಗರು ನಡೆಸಿ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಂತೆ, ವಾರಕ್ಕೆರಡು ದಿನ ಮನೆಯಿಂದ ಕೆಲಸ ಮಾಡಿದವರ ಸಾಧನೆ ಕುಂದಲಿಲ್ಲ, ಕೆಲಸ ಬಿಟ್ಟುಹೋಗುವವರ ಸಂಖ್ಯೆ ಮೂರನೇ ಒಂದರಷ್ಟು ಇಳಿಯಿತು.

ಅರೆಕೆರೆ, ಹುಳಿಮಾವು ದಾಟುತ್ತಿದ್ದಂತೆ ಗಾಜಿನ ಕಟ್ಟಡ ಕಡಿಮೆಯಾಗಿ ಕೆರೆಗಳ ಹೆಸರು ಹೆಚ್ಚುತ್ತದೆ. ಗೊಟ್ಟಿಗೆರೆ ಕೆರೆ ತುಂಬಿದರೆ ಹುಳಿಮಾವಿಗೆ, ಅಲ್ಲಿಂದ ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರಿನ ಕಡೆಗೆ ಹರಿಯುವುದು ಹಳೆಯ ಏರ್ಪಾಟು. ಗೊಟ್ಟಿಗೆರೆಯ ಐಟಿ ನೌಕರರು ಬೆಳಿಗ್ಗೆ ಹಿಡಿಯುವ ದಾರಿಯೂ ಹೆಚ್ಚುಕಡಿಮೆ ಇದೇ! ದಾರಿಯಲ್ಲಿ ಕೆರೆಯಂಗಳ, ರಾಜಕಾಲುವೆಗಳು ಇಕ್ಕಟ್ಟಾಗುತ್ತ ಬಂದವು. 2019ರ ನವೆಂಬರಿನಲ್ಲಿ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ನಾಲ್ಕೇ ತಿಂಗಳಲ್ಲಿ ಅದೇ ಮನೆಗಳು ಆಫೀಸುಗಳಾದವು.

ಗೊಟ್ಟಿಗೆರೆ ಬಿಬಿಎಂಪಿಯ 194ನೇ ವಾರ್ಡಾಗಿತ್ತು. ಊರಿನ ಹಳೆಯ ಭಾಗದಲ್ಲಿ ಹೆಂಚಿನ ಮನೆ, ದೇವಸ್ಥಾನ, ಹಸುವಿನ ಕೊಟ್ಟಿಗೆ ಅಲ್ಲಲ್ಲಿ ಉಳಿದಿವೆ. ಸುತ್ತ ರೆವಿನ್ಯೂ ಸೈಟಿನ ಬಿ ಖಾತಾ ಮನೆಗಳು, ‘ಭೋಗ್ಯಕ್ಕಿದೆ’ ಎಂಬ ಬೋರ್ಡುಗಳು, ಅವುಗಳ ಹಿಂದೆ ಹತ್ತಾರು ಅಂತಸ್ತಿನ ಅಪಾರ್ಟ್‌ಮೆಂಟುಗಳು. ಕೋಳಿ ಫಾರ್ಮ್ ಗೇಟ್ ಎಂಬ ಬಸ್‌ಸ್ಟಾಪಿನ ಹೆಸರು ಈ ಜಾಗ ಮೊದಲು ಏನಾಗಿತ್ತು ಎಂಬುದನ್ನು ತಾನೇ ಹೇಳುತ್ತದೆ. 2020ಕ್ಕೆ ಮೊದಲು ಇದು ಮಲಗುವ ಊರು. ಬೆಳಿಗ್ಗೆ ಎಂಟಕ್ಕೆ ಖಾಲಿಯಾಗಿ ರಾತ್ರಿ ಒಂಬತ್ತಕ್ಕೆ ತುಂಬುತ್ತಿತ್ತು.

ಈಗ ಬೆಳಿಗ್ಗೆ ಹನ್ನೊಂದರ ಗೊಟ್ಟಿಗೆರೆ ಬೇರೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಮೂರು ಕಂಪನಿಗಳ ಮೂರು ಬಣ್ಣದ ಟೀ ಶರ್ಟು ತೊಟ್ಟ ಡೆಲಿವರಿ ಹುಡುಗರು ರಿಜಿಸ್ಟರಿನಲ್ಲಿ ಹೆಸರು ಬರೆಯುತ್ತಾರೆ. ಫೋನಿನ ಆ ಕಡೆಯಿಂದ ಪಿಸುದನಿ: “ಅಣ್ಣ, ಕಾಲ್‌ನಲ್ಲಿದೀನಿ, ಸೆಕ್ಯೂರಿಟಿ ಹತ್ರ ಕೊಟ್ಬಿಡಿ.” ಇಸ್ತ್ರಿ ಗಾಡಿಯ ಮೇಲೆ ಪ್ಯಾಂಟಿಗಿಂತ ಶರ್ಟೇ ಹೆಚ್ಚು; ಕ್ಯಾಮೆರಾಗೆ ಸೊಂಟದ ಕೆಳಗಿನದು ಕಾಣುವುದಿಲ್ಲ. ಕೇಬಲ್ಲಿನ ಹುಡುಗ ವಿದ್ಯುತ್ ಕಂಬಕ್ಕೆ ಏಣಿ ಹಾಕಿ ಕಪ್ಪು ತಂತಿಗಳ ಗಂಟಿನಲ್ಲಿ ಕೈಯಾಡಿಸುತ್ತಿದ್ದರೆ ಕೆಳಗೆ ಇಬ್ಬರು ಗಿರಾಕಿಗಳು ಚಡಪಡಿಸುತ್ತ ನಿಂತಿರುತ್ತಾರೆ. ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಮಧ್ಯಾಹ್ನದ ಟೀಗೆ ಕೊರಳಲ್ಲಿ ಐಡಿ ಕಾರ್ಡಿಲ್ಲದ ಸಾಫ್ಟ್‌ವೇರಿನವರ ಗುಂಪು. ಜಿಮ್ಮು, ಪ್ರೀ–ಸ್ಕೂಲು, ಗಂಟೆಗಿಷ್ಟು ಎಂದು ಕುರ್ಚಿ ಬಾಡಿಗೆಗೆ ಕೊಡುವ ಪುಟ್ಟ ಆಫೀಸುಗಳು ಮೇನ್ ರೋಡಿನ ಎರಡನೇ ಮಹಡಿಗಳನ್ನು ಹಿಡಿದಿವೆ. ಆಫೀಸುಗಳ ಸುತ್ತಲಿನಿಂದ ಹಗಲಿನ ಖರ್ಚು ಮನೆಗಳ ಸುತ್ತಲಿಗೆ ಸರಿದಿದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಖರ್ಚಿನ ಜೊತೆಗೆ ಹೊರೆಯೂ ಸರಿದಿದೆ. ಆಫೀಸಿನ ಸಂಪು ತುಂಬಿಸುವುದು ಕಂಪನಿಯ ಪಾಡಾಗಿತ್ತು, ಮನೆಯ ಸಂಪು ಮನೆಯವರ ಪಾಡು. ಕಾವೇರಿ ನೀರು ತಡವಾಗಿ ಬಂದ ಈ ಅಂಚಿನ ಬಡಾವಣೆಗಳು ಬೋರ್‌ವೆಲ್, ಟ್ಯಾಂಕರುಗಳನ್ನೇ ನಂಬಿದ್ದವು. 2024ರ ಬೇಸಿಗೆಯಲ್ಲಿ ನಗರದ ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಅರ್ಧದಷ್ಟು ಬತ್ತಿದಾಗ ಜಿಲ್ಲಾಡಳಿತ 12,000 ಲೀಟರಿನ ಟ್ಯಾಂಕರಿಗೆ 5 ಕಿಲೋಮೀಟರಿನೊಳಗೆ 1,000 ರೂಪಾಯಿ ಎಂದು ದರ ಕಟ್ಟಬೇಕಾಯಿತು. ಊರಿಗೆ ಹೋಗಿ ಕೆಲಸ ಮಾಡುತ್ತೇವೆ, ವರ್ಕ್ ಫ್ರಮ್ ಹೋಮ್ ಕೊಡಿ ಎಂದು ನೌಕರರು ಕೇಳಿದ್ದು ಈ ಸಲ ವೈರಸ್ಸಿಗಾಗಿ ಅಲ್ಲ, ಬಕೆಟ್ ನೀರಿಗಾಗಿ. ನಗರಕ್ಕೆ ಸೇರಿದ ಅಂಚಿನ 110 ಹಳ್ಳಿಗಳಿಗೆಂದು ದಿನಕ್ಕೆ 775 ದಶಲಕ್ಷ ಲೀಟರಿನ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಅದೇ ವರ್ಷದ ಅಕ್ಟೋಬರಿನಲ್ಲಿ ಚಾಲೂ ಆಯಿತು.

ಮನೆಯೊಳಗಿನ ಲೆಕ್ಕ ಇನ್ನೂ ಸೂಕ್ಷ್ಮ. ಎರಡು ಬೆಡ್‌ರೂಮಿನ ಮನೆಯಲ್ಲಿ ಗಂಡ ಒಂದು ಕೋಣೆಯ ಬಾಗಿಲು ಹಾಕಿಕೊಂಡರೆ ಹೆಂಡತಿಯ ಮೀಟಿಂಗು ಡೈನಿಂಗ್ ಟೇಬಲ್ಲಿಗೆ ಬರುತ್ತದೆ, ಕುಕ್ಕರಿನ ಸೀಟಿಯೂ ಅದರಲ್ಲಿ ಪಾಲ್ಗೊಳ್ಳುತ್ತದೆ. ಅತ್ತೆ ಟಿವಿಯ ದನಿ ತಗ್ಗಿಸಬೇಕು. ಮನೆಗೆಲಸದವರು ಹತ್ತು ಗಂಟೆಯ ‘ಸ್ಟ್ಯಾಂಡಪ್’ ಮೀಟಿಂಗು ಮುಗಿಯುವ ತನಕ ಕಸಗುಡಿಸುವಂತಿಲ್ಲ; ಅವರ ನಾಲ್ಕು ಮನೆಗಳ ವೇಳಾಪಟ್ಟಿ ಈಗ ಆಫೀಸಿನ ಗಡಿಯಾರಕ್ಕೆ ಹೊಂದಿಕೊಂಡಿದೆ.

ಗೊಟ್ಟಿಗೆರೆಯಲ್ಲಿ ವೀವರ್ಸ್ ಕಾಲೋನಿ ಎಂಬ ಭಾಗವೊಂದಿದೆ. ಮನೆಯಿಂದ ಕೆಲಸ ಎನ್ನುವುದನ್ನು ಹೊಸ ಶೋಧವೆಂದು ಭಾವಿಸುವವರು ಆ ಹೆಸರಿನ ಮುಂದೆ ಸ್ವಲ್ಪ ನಿಲ್ಲಬೇಕು. ನೇಕಾರರ ಮಗ್ಗ ಇದ್ದದ್ದೇ ಮನೆಯ ನಡುಮನೆಯಲ್ಲಿ. ಬೆಂಗಳೂರು ಪೇಟೆಯ ಓಣಿಗಳಲ್ಲಿ ತಲೆಮಾರುಗಳ ಕಾಲ ಲಾಳಿ ಓಡಿದ್ದು ಅಡುಗೆಮನೆಯ ಪಕ್ಕದಲ್ಲೇ. ಸಾಹುಕಾರ ನೂಲು ಕೊಡುತ್ತಿದ್ದ, ಸೀರೆಗಿಷ್ಟು ಎಂದು ಕೂಲಿ ಕೊಡುತ್ತಿದ್ದ. ಜಾಗ, ದೀಪ, ಹೆಂಡತಿ–ಮಕ್ಕಳ ಕೈಗೆಲಸ, ಇವೆಲ್ಲ ನೇಕಾರರ ಕಡೆಯಿಂದ ಪುಕ್ಕಟೆ. 1884ರಲ್ಲಿ ಬಂದ ಬಿನ್ನಿ ಮಿಲ್ಲಿನಂತಹ ಕಾರ್ಖಾನೆಗಳು ಆ ಕೆಲಸವನ್ನು ಮನೆಯಿಂದ ಹೊರಗೆಳೆದವು. ಅದರ ಜೊತೆಗೇ ಕೆಲಸದ ಅವಧಿ, ರಜೆ, ಸಂಘ, ಕಾನೂನುಗಳೂ ಹುಟ್ಟಿದವು. ಊದುಬತ್ತಿ ಹೊಸೆಯುವ, ಬೀಡಿ ಕಟ್ಟುವ ಹೆಂಗಸರು ಮಾತ್ರ ಮನೆಯಲ್ಲೇ ಉಳಿದರು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಗುರುತಿಸಿತು. ಮನೆಯಲ್ಲಿ ದುಡಿಯುವವರ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲೇ 177ನೇ ಒಡಂಬಡಿಕೆ ಮಾಡಿದೆ. ಭಾರತ ಅದನ್ನು ಅನುಮೋದಿಸಿಲ್ಲ.

ಸಾಫ್ಟ್‌ವೇರಿನವರ ಸಂಬಳಕ್ಕೂ ಬೀಡಿ ಕಟ್ಟುವವರ ಕೂಲಿಗೂ ಅಜಗಜಾಂತರವಿದೆ, ನಿಜ. ಆದರೆ ಕರೆಂಟು, ಕುರ್ಚಿ, ಕೋಣೆಯ ಬಾಡಿಗೆ ಯಾರ ತಲೆಗೆ, ಕೆಲಸ ಮುಗಿಯುವುದು ಎಷ್ಟು ಗಂಟೆಗೆ ಎಂಬ ಪ್ರಶ್ನೆಗಳು ಎರಡು ಕಡೆಯೂ ಒಂದೇ. ಐಟಿ ನೌಕರರ ಸಂಘವಾದ ಕೆಐಟಿಯು 2024ರಲ್ಲಿ ದಿನಕ್ಕೆ 14 ಗಂಟೆ ದುಡಿಸಲು ಅವಕಾಶ ಕೊಡುವ ಪ್ರಸ್ತಾವದ ವಿರುದ್ಧ ಬೀದಿಗಿಳಿದಾಗ ಚರ್ಚೆಗೆ ಬಂದದ್ದೂ ಇದೇ. ಮನೆಯಿಂದ ಕೆಲಸ ಮಾಡುವವರು ಹೆಚ್ಚಿದಷ್ಟೂ ಅವರ ಮನೆ ಬಾಗಿಲಿಗೆ ಓಡಾಡುವ ಡೆಲಿವರಿಯವರೂ ಹೆಚ್ಚುತ್ತಾರೆ. ಈ ವಿಷಯದಲ್ಲಿ ರಾಜ್ಯ ಸ್ವಲ್ಪ ಮುಂದೆ ಹೋಗಿದೆ: 2025ರ ಗಿಗ್ ಕಾರ್ಮಿಕರ ಕಾಯ್ದೆ, ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಸೂಲು ಮಾಡಲು ಅವಕಾಶ ಕೊಟ್ಟಿದೆ.

ಗೊಟ್ಟಿಗೆರೆಯ ಆಚೆ ನೈಸ್ ರಸ್ತೆ ಬನ್ನೇರುಘಟ್ಟ ರಸ್ತೆಯನ್ನು ದಾಟುತ್ತದೆ. ಟೋಲು ಕೊಟ್ಟರೆ ಸುಮಾರು 9 ಕಿಲೋಮೀಟರಿನಲ್ಲಿ ಹೊಸೂರು ರಸ್ತೆ, ಎಲೆಕ್ಟ್ರಾನಿಕ್ ಸಿಟಿ. ವಾರಕ್ಕೆ ಮೂರೇ ದಿನ ಹೋಗುವುದಾದರೆ ಇನ್ನೂ ದೂರವಿದ್ದರೂ ನಡೆಯುತ್ತದೆ ಎಂಬ ಎಣಿಕೆಯೇ ಈಗ ಬಿಲ್ಡರುಗಳ ಬಂಡವಾಳ. ವಿಲ್ಲಾಗಳ ಜಾಹೀರಾತುಗಳು ಕಾಡಿನ ಹಸಿರನ್ನು ತೋರಿಸಿ ಕರೆಯುತ್ತವೆ. ಆ ಕಾಡು ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ. ಅದರ ಸುತ್ತಲಿನ ಪರಿಸರ ಸೂಕ್ಷ್ಮ ವಲಯ ಮೊದಲ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಇದ್ದದ್ದು ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಯಿತು. ಆ ಅಧಿಸೂಚನೆ ಹೊರಬಿದ್ದದ್ದೂ 2020ರ ಮಾರ್ಚ್‌ನಲ್ಲೇ. ಮನೆಯಿಂದ ಕೆಲಸ ಎಂದರೆ ಪರಿಸರಕ್ಕೆ ಒಳ್ಳೆಯದು ಎನ್ನುವ ಮಾತು ಪೆಟ್ರೋಲಿನ ಮಟ್ಟಿಗೆ ಸರಿಯಿರಬಹುದು, ನೆಲದ ಮಟ್ಟಿಗೆ ಅನುಮಾನ.

ಇಲ್ಲಿಗೆ ಬರುವ ಮೆಟ್ರೋ ಗುಲಾಬಿ ಮಾರ್ಗ. ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ 21.26 ಕಿಲೋಮೀಟರ್, 18 ನಿಲ್ದಾಣ. ತಾವರೆಕೆರೆವರೆಗೆ ಕಂಬದ ಮೇಲೆ, ಡೇರಿ ಸರ್ಕಲ್‌ನಿಂದಾಚೆ ನೆಲದಡಿ. ಕಾಗದದ ಮೇಲೆ ಮೊದಲಿಗೆ ಗೊಟ್ಟಿಗೆರೆ ಮಾರ್ಗವೆಂದೇ ಹೆಸರಾಗಿದ್ದ ಇದು 2014ರಲ್ಲಿ ಕೇಂದ್ರದ ಒಪ್ಪಿಗೆ ಪಡೆದ ಎರಡನೇ ಹಂತಕ್ಕೆ ಸೇರಿದ್ದು. ಎಲ್ಲರೂ ಬೆಳಿಗ್ಗೆ ನಗರದೊಳಕ್ಕೆ ಹೋಗಿ ಸಂಜೆ ಹೊರಕ್ಕೆ ಬರುತ್ತಾರೆ ಎಂದು ನಂಬಿದ್ದ ಕಾಲದ ಲೆಕ್ಕ ಅದು. ಹಾಗೆಂದು ಮಾರ್ಗ ವ್ಯರ್ಥವಾಗುವುದಿಲ್ಲ. ಆಸ್ಪತ್ರೆಯ ನರ್ಸು, ಅಂಗಡಿಯ ಸಹಾಯಕಿ, ಸೆಕ್ಯೂರಿಟಿಯವರು, ಕಾಲೇಜಿನ ವಿದ್ಯಾರ್ಥಿ ಇವರಿಗೆ ಮನೆಯಿಂದ ಕೆಲಸವೆಂಬುದು ಯಾವತ್ತೂ ಇರಲಿಲ್ಲ. ಬಸ್ಸಿನಲ್ಲಿ ನೇತಾಡುವವರು ಅವರೇ. ಐಟಿಯವರ ಮಾತೇ ಜೋರಾಗಿ ಕೇಳುವ ಊರಿನಲ್ಲಿ ಇದು ಮರೆತುಹೋಗುತ್ತದೆ.

ತೊಡಕಿರುವುದು ನಗರದ ನಕ್ಷೆಯಲ್ಲಿ. ಬೆಂಗಳೂರು ಇಂದಿಗೂ ನಡೆಯುತ್ತಿರುವುದು 2007ರಲ್ಲಿ ಒಪ್ಪಿಗೆಯಾದ, 2015ರವರೆಗಿನ ಮಹಾಯೋಜನೆಯ ಮೇಲೆ. 2031ಕ್ಕೆಂದು 2017ರಲ್ಲಿ ಮಾಡಿದ ಕರಡು 2020ರಲ್ಲಿ ವಾಪಸಾಯಿತು. ಅಂದರೆ ಹಗಲಿಡೀ ಜನರಿರುವ ಗೊಟ್ಟಿಗೆರೆ ಯಾವ ಯೋಜನೆಯಲ್ಲೂ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದಿವೆ. ಹೊಸ ನಕ್ಷೆ ಬರೆಯುವ ಕೆಲಸ ಇನ್ನು ಅವುಗಳ ಕಾಲದ್ದು. ಅಲ್ಲಿಯವರೆಗೆ ಇಲ್ಲಿನ ಬಸ್ಸುಗಳು ಮುಖ್ಯವಾಗಿ ಮೆಜೆಸ್ಟಿಕ್, ಮಾರ್ಕೆಟ್ಟುಗಳ ದಿಕ್ಕಿಗೇ ಮುಖ ಮಾಡಿರುತ್ತವೆ. ಗೊಟ್ಟಿಗೆರೆಯಿಂದ ಜಂಬೂಸವಾರಿ ದಿಣ್ಣೆಗೆ, ಬಸವನಪುರಕ್ಕೆ, ಹುಳಿಮಾವಿನ ಸಂತೆಗೆ ಹೋಗುವ ಎರಡು–ಮೂರು ಕಿಲೋಮೀಟರಿನ ಓಡಾಟಕ್ಕೆ ಫುಟ್‌ಪಾತಿಲ್ಲದ ರಸ್ತೆ, ಇಲ್ಲವೇ ಆಟೋ. ಗುಲಾಬಿ ಮಾರ್ಗದ ನಿಲ್ದಾಣಗಳಿಗೆ ಫೀಡರ್ ಬಸ್ಸು ಹಾಕುವಾಗ ಬಿಎಂಟಿಸಿ ಈ ಒಳರಸ್ತೆಗಳನ್ನು ಸೇರಿಸಿಕೊಂಡು, ಬೆಳಿಗ್ಗೆ–ಸಂಜೆಯ ಜೊತೆಗೆ ಮಧ್ಯಾಹ್ನದ ಟ್ರಿಪ್ಪುಗಳನ್ನೂ ಓಡಿಸಬೇಕಾಗುತ್ತದೆ.